ಹಂಗಾಮಿನ ದುಡಿಮೆಯೂ ಜಾತ್ರೆಯ ದಿನವೂ

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಪುಣೆಯಿಂದ ಸೊಲ್ಲಾಪುರದ ಕಡೆಗೆ ರಾತ್ರಿಯ ರೈಲಿನಲ್ಲಿ ಪ್ರಯಾಣ ಮಾಡಿದವರು ಬೆಳಗಿನ ಜಾವದಲ್ಲಿ ಕಿಟಕಿಯಾಚೆ ಒಂದು ನೋಟವನ್ನು ಕಂಡಿರಬಹುದು. ಕತ್ತಲೆ ಇನ್ನೂ ಹರಿದಿರುವುದಿಲ್ಲ. ಹೊಲಗಳ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಬೆಂಕಿಗಳು. ಅವುಗಳ ಸುತ್ತ ಗುಡಿಸಲುಗಳು. ಬಿಚ್ಚಿ ಕಟ್ಟಿದ ಎತ್ತುಗಳು. ಹೆಂಗಸರು ರೊಟ್ಟಿ ಬಡಿಯುತ್ತಿರುತ್ತಾರೆ. ಇನ್ನು ಅರ್ಧ ಗಂಟೆಯಲ್ಲಿ ಆ ರೊಟ್ಟಿಯ ಗಂಟು ಕಟ್ಟಿಕೊಂಡು ಗಂಡಹೆಂಡಿರಿಬ್ಬರೂ ಕೊಯ್ತಾ ಹಿಡಿದು ಕಬ್ಬಿನ ಸಾಲಿಗೆ ಇಳಿಯಬೇಕು. ಇವರು ಕಬ್ಬು ಕಡಿಯುವ ಟೋಳಿಗಳವರು. ಇವರಲ್ಲಿ ಬಹುಮಂದಿ ಬೀಡ್, ಅಹಿಲ್ಯಾನಗರ ಮೊದಲಾದ ಮರಾಠಿ ಜಿಲ್ಲೆಗಳವರಾದರೂ, ವಿಜಯಪುರ, ಕಲಬುರಗಿಗಳ ಒಣ ಹಳ್ಳಿಗಳಿಂದ ಬಂದ ಕನ್ನಡಿಗರೂ ಇದ್ದಾರೆ. ಹಾಗೆಯೇ ಮರಾಠಿ ಟೋಳಿಗಳು ನಮ್ಮ ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳ ಕಡೆಗೂ ಬರುತ್ತವೆ. ಕಬ್ಬಿಗೆ ರಾಜ್ಯದ ಗಡಿ ತಿಳಿಯದು.

ಆರೋಗ್ಯ ವಿಷಯಕವಾದ ಲೇಖನದಲ್ಲಿ ಜಾತ್ರೆಯ ಮಾತು ಏತಕ್ಕೆಂದು ವಾಚಕರು ಕೇಳಬಹುದು. ವಿಶ್ರಾಂತಿಯೆಂಬುದು ಆಹಾರ, ನಿದ್ರೆಗಳಷ್ಟೇ ಮುಖ್ಯವಾದ ಆರೋಗ್ಯ ಸಾಧನವೆಂದು ನಾವೆಲ್ಲ ಒಪ್ಪುತ್ತೇವೆ. ಆದರೆ ನಮ್ಮ ನಾಡಿನ ದುಡಿಯುವ ಜನಕ್ಕೆ ಭಾನುವಾರದ ರಜೆಯೆಂಬುದು ಎಂದೂ ಇರಲಿಲ್ಲ. ಅವರ ವಿಶ್ರಾಂತಿಯ ಪಂಚಾಂಗವೇ ಬೇರೆ. ಅಮಾವಾಸ್ಯೆ, ಹುಣ್ಣಿಮೆ, ಸಂತೆ, ತೇರು, ಉರುಸು, ಇವೇ ಅವರ ರಜಾ ದಿನಗಳು. ಆ ದಿನಗಳು ಕೈತಪ್ಪಿದರೆ ದೇಹಕ್ಕೆ ಬೇರೆ ಬಿಡುವೇ ಇಲ್ಲ. ಕಬ್ಬಿನ ಹಂಗಾಮು ಇದಕ್ಕೆ ತಕ್ಕ ಉದಾಹರಣೆಯಾದ್ದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಹಂಗಾಮಿನ ಸ್ವರೂಪವನ್ನು ತಿಳಿಯುವುದು ಅವಶ್ಯ. ಮಳೆಗಾಲದಲ್ಲಿ ಕಬ್ಬು ಎತ್ತರಕ್ಕೆ ಬೆಳೆಯುತ್ತದೆಯೇ ಹೊರತು ಸಿಹಿಗಟ್ಟುವುದಿಲ್ಲ. ಮಳೆ ನಿಂತು, ಇಬ್ಬನಿ ಬಿದ್ದು, ಹವೆ ಒಣಗಿ ತಂಪಾದಾಗ ಬೆಳವಣಿಗೆ ನಿಧಾನವಾಗಿ, ಎಲೆಗಳು ತಯಾರಿಸಿದ ಸಕ್ಕರೆಯು ಕಾಂಡದಲ್ಲಿ ಶೇಖರವಾಗತೊಡಗುತ್ತದೆ. ಆದಕಾರಣ ದೀಪಾವಳಿಯ ಆಸುಪಾಸಿನಲ್ಲಿ ಕಾರ್ಖಾನೆಗಳ ಹೊಗೆಗೊಳವಿ ಹೊಗೆಯಾಡಲಾರಂಭಿಸಿ, ಯುಗಾದಿಯ ಹಿಂದುಮುಂದಿನವರೆಗೆ ನುರಿಸುವ ಕೆಲಸ ಸಾಗುತ್ತದೆ. ಕಡಿದ ಕಬ್ಬನ್ನು ಇಟ್ಟುಕೊಂಡು ಕೂಡುವಂತಿಲ್ಲ. ಕಡಿದ ಗಳಿಗೆಯಿಂದಲೇ ಅದರೊಳಗಿನ ಸಕ್ಕರೆ ಒಡೆಯತೊಡಗುತ್ತದೆ, ತೂಕವೂ ಇಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆಗಳೊಳಗೆ ಅದು ಗಾಣಕ್ಕೆ ಬೀಳುವುದು ಮೇಲು. ಬಿಸಿಲು ಏರಿದಂತೆ ಈ ಅವಸರವೂ ಏರುತ್ತದೆ. ಗಾಣ ಹಗಲಿರುಳೂ ತಿರುಗುವುದರಿಂದ ಅದರ ಬಾಯಿಗೆ ಕಬ್ಬು ಬೀಳುತ್ತಲೇ ಇರಬೇಕು. ಗಾಡಿ ಯಾವ ಹೊತ್ತಿಗೆ ಬಂದರೂ, ನಡುರಾತ್ರಿಯಾದರೂ, ಎದ್ದು ತುಂಬಿಕೊಡಬೇಕು.

ಈ ಕೆಲಸದ ಲೆಕ್ಕಾಚಾರವೂ ವಿಶಿಷ್ಟವಾದುದು. ಗಂಡಹೆಂಡತಿಯರ ಒಂದು ಜೋಡಿಗೆ ಒಂದು 'ಕೊಯ್ತಾ' ಎಂದು ಹೆಸರು. ಮಳೆಗಾಲದಲ್ಲಿ ಮನೆಯಲ್ಲಿ ಕಾಳುಕಡಿ ಮುಗಿದಿರುವಾಗ ಮುಕಾದಮನು 'ಉಚಲ್' ಎಂಬ ಮುಂಗಡ ಹಣವನ್ನು ಕೊಡುತ್ತಾನೆ. ಆ ಹಣ ಮದುವೆಗೋ, ಔಷಧಕ್ಕೋ, ಹಳೆಯ ಸಾಲಕ್ಕೋ ಸಂದುಹೋಗುತ್ತದೆ. ಹಂಗಾಮಿನಲ್ಲಿ ಕಡಿದ ಟನ್ನಿನ ಲೆಕ್ಕದ ಮೇಲೆ ಆ ಮುಂಗಡ ತೀರಬೇಕು. ಒಂದು ಜೋಡಿ ದಿನಕ್ಕೆ ಸುಮಾರು ಎರಡು ಟನ್ ಕಬ್ಬು ಕಡಿದು, ಸೋಗೆ ಸವರಿ, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುತ್ತದೆ. ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಅದು 'ಖಾಡಾ'. ಅಂದಿನ ಕೂಲಿ ಹೋಗುವುದಲ್ಲದೆ ಅದರ ಮೇಲೆ ದಂಡವನ್ನೂ ಹಿಡಿಯುವ ರೂಢಿ ಅನೇಕ ಕಡೆಗಳಲ್ಲಿದೆ. ಕಾರ್ಖಾನೆಯ ಒಳಗೆ ಯಂತ್ರದ ಬಳಿ ನಿಲ್ಲುವವನಿಗೆ ಕಾಯಿದೆಯಿಂದಲೇ ವಾರಕ್ಕೊಂದು ರಜೆ ದೊರೆಯಿತು. ಅದೇ ಕಾರ್ಖಾನೆಗೆ ಕಬ್ಬು ಒದಗಿಸುವವನಿಗೆ ಹೊಲವೇ ಕಾರ್ಖಾನೆಯಾದುದರಿಂದ ಆ ರಜೆ ಬಾಗಿಲ ಹೊರಗೇ ನಿಂತಿತು.

ವಿಪರ್ಯಾಸವೆಂದರೆ, ಬಿಡುವಿಲ್ಲದ ಈ ನಾಲ್ಕೈದು ತಿಂಗಳುಗಳೇ ನಮ್ಮ ಉತ್ತರದ ಸೀಮೆಯ ಜಾತ್ರೆಗಳ ಕಾಲ. ಇದು ಆಕಸ್ಮಿಕವಲ್ಲ. ಮುಂಗಾರಿನ ಬೆಳೆ ಮನೆಗೆ ಬಂದು, ಹಿಂಗಾರಿನ ಜೋಳ ತಾನಾಗಿ ಬೆಳೆಯುತ್ತಿರುವಾಗ ಒಕ್ಕಲಿಗನಿಗೆ ಬಿಡುವು, ದಾರಿಗಳು ಒಣಗಿರುತ್ತವೆ, ಎತ್ತುಗಳಿಗೆ ಮೇವಿರುತ್ತದೆ, ರಾತ್ರಿ ಬಯಲಲ್ಲಿ ಮಲಗಲು ಮಳೆಯ ಭಯವಿಲ್ಲ. ಆದುದರಿಂದಲೇ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಜಾತ್ರೆಗಳು ಬಂದು ಕುಳಿತವು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ ಮತ್ತು ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಮತ್ತು ಸೊಲ್ಲಾಪುರದ ಸಿದ್ಧರಾಮೇಶ್ವರ. ಚಿಂಚಲಿಯ ಸುತ್ತಮುತ್ತಲಿನ ನೆಲವಂತೂ ಕಬ್ಬಿನ ಸೀಮೆ. ಮಾಯಕ್ಕನ ದರ್ಶನಕ್ಕೆ ಮಹಾರಾಷ್ಟ್ರದಿಂದ ಬರುವ ಭಕ್ತರ ಗಾಡಿಗಳೂ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳೂ ಒಂದೇ ರಸ್ತೆಯಲ್ಲಿ ಎದುರಾಗುತ್ತವೆ. ಒಂದರ ಎತ್ತುಗಳ ಕೊಂಬಿಗೆ ಬಣ್ಣ, ಗೊಂಡೆ. ಇನ್ನೊಂದರ ಎತ್ತುಗಳ ಬಾಯಲ್ಲಿ ನೊರೆ.

ಬಿಡುವಿಲ್ಲದ ದುಡಿಮೆಯಿಂದ ದೇಹಕ್ಕೆ ಏನಾಗುತ್ತದೆ? ಬಗ್ಗಿ ಬುಡಕ್ಕೆ ಏಟು ಹಾಕುವುದು, ನೆಟ್ಟಗೆ ನಿಂತು ತುದಿ ಸವರುವುದು, ಭಾರ ಹೊತ್ತು ಹಲಗೆಯ ಮೇಲೆ ಹತ್ತುವುದು, ಈ ಮೂರು ಚಲನೆಗಳು ದಿನಕ್ಕೆ ಸಾವಿರಾರು ಸಲ ನಡೆಯುತ್ತವೆ. ಸ್ನಾಯುವಿನ ಎಳೆಗಳು ದುಡಿಮೆಯಲ್ಲಿ ಸೂಕ್ಷ್ಮವಾಗಿ ಹರಿಯುವುದು ಸಹಜ. ವಿಶ್ರಾಂತಿಯಲ್ಲಿ ಅವು ಮತ್ತೆ ಕೂಡಿಕೊಂಡು ಮೊದಲಿಗಿಂತ ಬಲಗೊಳ್ಳುತ್ತವೆ. ಗರಡಿಯ ಪೈಲವಾನನು ಬಲ್ಲ ಸತ್ಯವಿದು. ಆದರೆ ಕೂಡಿಕೊಳ್ಳಲು ವ್ಯವಧಾನ ಕೊಡದಿದ್ದರೆ ಹರಿದುದರ ಮೇಲೆಯೇ ಹರಿಯುತ್ತದೆ. ಸೊಂಟ, ಕತ್ತು, ಮೊಣಕಾಲುಗಳ ನೋವು ಹಂಗಾಮಿನ ಎರಡನೆಯ ತಿಂಗಳಿಗೇ ನೆಲೆಯೂರುತ್ತದೆ. ನಿದ್ರೆಯ ಸಾಲ ಬೇರೆ. ಬೆಳೆದ ಮನುಷ್ಯನಿಗೆ ಏಳು ಗಂಟೆಯ ನಿದ್ರೆಯಾದರೂ ಬೇಕು. ರಾತ್ರಿ ಗಾಡಿ ತುಂಬಿ, ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ಅದರ ಅರ್ಧವೂ ದಕ್ಕದು. ನಿದ್ರೆಗೆಟ್ಟವನ ಕೈಯಲ್ಲಿ ಹರಿತವಾದ ಕೊಯ್ತಾ ಇದ್ದರೆ ಅದು ಕಬ್ಬನ್ನು ಮಾತ್ರವೇ ಕಡಿಯುವುದೆಂದು ಹೇಳಲಾಗದು.

ನೀರಿನ ವಿಷಯ ಇನ್ನೂ ಗಂಭೀರವಾದುದು. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಲ್ಲದು. ಮಧ್ಯ ಅಮೆರಿಕದ ನಿಕರಾಗ್ವಾ, ಎಲ್ ಸಾಲ್ವಡಾರ್ ದೇಶಗಳ ಕಬ್ಬಿನ ಹೊಲಗಳಲ್ಲಿ, ಸಿಹಿಮೂತ್ರವಾಗಲಿ ರಕ್ತದ ಒತ್ತಡವಾಗಲಿ ಇಲ್ಲದ ತರುಣರೇ ಮೂತ್ರಪಿಂಡ ಕೆಟ್ಟು ಸಾಯತೊಡಗಿದುದು ಕಳೆದ ಎರಡು ಮೂರು ದಶಕಗಳಲ್ಲಿ ವೈದ್ಯರ ಗಮನಕ್ಕೆ ಬಂದಿತು. ಅದರ ಕಾರಣಗಳ ಬಗ್ಗೆ ಚರ್ಚೆ ಮುಗಿದಿಲ್ಲವಾದರೂ, ಬಿಸಿಲು, ಬಿಡುವಿಲ್ಲದ ದುಡಿಮೆ ಮತ್ತು ನೀರಿನ ಕೊರತೆ ಸೇರಿ ಮೂತ್ರಪಿಂಡವನ್ನು ದಿನದಿನವೂ ಘಾಸಿಗೊಳಿಸುತ್ತವೆಂಬ ಅಭಿಪ್ರಾಯ ಬಲವಾಗಿದೆ. ಎಲ್ ಸಾಲ್ವಡಾರಿನ ಒಂದು ಹೊಲದಲ್ಲಿ 2014-15ರ ಹಂಗಾಮಿನಲ್ಲಿ ನೀರು, ನೆರಳು, ಗೊತ್ತಾದ ಹೊತ್ತಿಗೆ ಬಿಡುವು, ಇಷ್ಟನ್ನು ಒದಗಿಸಿ ನೋಡಿದರು. ಕಡಿದ ಕಬ್ಬಿನ ತೂಕ ಇಳಿಯಲಿಲ್ಲ, ಏರಿತು! ವಿಶ್ರಾಂತಿ ಕೊಟ್ಟರೆ ಕೆಲಸ ಕೆಡುವುದೆಂದು ವಾದಿಸುವ ನಮ್ಮ ಧಣಿಗಳು ಇದನ್ನು ಗಮನಿಸಬೇಕು. ಹೊಲದಲ್ಲಿ ದುಡಿಯುವವರು ಬಾಯಾರಿಕೆಗೆ ಕಾಯದೆ ಕಾಲುಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯುವುದು ಒಳ್ಳೆಯದು. ಉಪ್ಪು ಬೆರೆಸಿದ ಮಜ್ಜಿಗೆ ಸಿಕ್ಕರೆ ಅಮೃತವೇ ಸರಿ.

ಇಂತಹ ದೇಹಕ್ಕೆ ಬರುವ ಮೊದಲ ಬಿಡುವೆಂದರೆ ಎಳ್ಳಮಾವಾಸ್ಯೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಇದರ ಪರಿಚಯವಿರಲಾರದು. ವಿಜಯಪುರ, ಕಲಬುರಗಿ, ಬೀದರ ಸೀಮೆಗಳಲ್ಲಿ ಅಂದು ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಗಾಡಿಗೆ ಕೊಲ್ಲಾರಿ ಕಟ್ಟಿ, ಬುಟ್ಟಿಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿ, ಹತ್ತಾರು ಕಾಯಿಪಲ್ಯ ಕಾಳುಗಳು ಕೂಡಿದ ಭಜ್ಜಿ. ಬನ್ನಿಯ ಗಿಡದ ಬುಡದಲ್ಲಿ ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಆ ಮೇಲೆ ಊಟ. ಗುರುತಿಲ್ಲದ ದಾರಿಹೋಕನನ್ನೂ ಕರೆದು ಕೂಡ್ರಿಸಿ ಉಣಿಸುವ ಪದ್ಧತಿ. ಲಾತೂರ, ಧಾರಾಶಿವ ಜಿಲ್ಲೆಗಳ ಮರಾಠಿಗರೂ ಇದೇ ಹಬ್ಬವನ್ನು ಇದೇ ದಿನ ಆಚರಿಸುವುದರಿಂದ ಎರಡೂ ನಾಡಿನ ಟೋಳಿಯವರಿಗೆ ಅದು ಸಮಾನವಾದ ಹಬ್ಬ. ಅಂದು ಮುಕಾದಮನೂ ಹೆಚ್ಚು ಜುಲುಮೆ ಮಾಡಲಾರ. ಅವನ ಹೆಂಡತಿಯೂ ಬುಟ್ಟಿ ಕಟ್ಟಿರುತ್ತಾಳಲ್ಲ! ತಮ್ಮ ಹೊಲ ದೂರದಲ್ಲಿದ್ದರೂ, ಮಂದಿಯ ಹೊಲದ ಬದುವಿನಲ್ಲಿಯೇ ಐದು ಕಲ್ಲಿಟ್ಟು ಪೂಜಿಸಿ ಉಣ್ಣುವವರಿದ್ದಾರೆ.

ವೈದ್ಯ ದೃಷ್ಟಿಯಿಂದ ನೋಡಿದರೆ ಆ ಬುಟ್ಟಿಯು ಯಾವ ಆಹಾರ ತಜ್ಞನೂ ಮೆಚ್ಚತಕ್ಕದ್ದು. ಹಂಗಾಮಿನ ನಿತ್ಯದ ಊಟವೆಂದರೆ ರೊಟ್ಟಿ, ಖಾರದ ಪುಡಿ, ಸಿಕ್ಕರೆ ಬೇಳೆ. ಎಳ್ಳಮಾವಾಸ್ಯೆಯ ಬುಟ್ಟಿಯಲ್ಲಿ ಸಜ್ಜೆಯ ಕಬ್ಬಿಣಾಂಶವಿದೆ. ಸಿಪ್ಪೆ ತೆಗೆಯದ ನೂರು ಗ್ರಾಂ ಎಳ್ಳಿನಲ್ಲಿ ಸುಮಾರು ಒಂದು ಗ್ರಾಂ ಸುಣ್ಣಾಂಶವಿರುತ್ತದೆ. ಶೇಂಗಾ, ಕಾಳುಗಳಲ್ಲಿ ಸಸಾರಜನಕ. ಸೊಪ್ಪು, ಹಸಿ ಸುಲಗಾಯಿಗಳಲ್ಲಿ ಜೀವಸತ್ವಗಳು. ರಕ್ತಹೀನತೆಯಿಂದ ಬಿಳಿಚಿಕೊಂಡ ಹೆಣ್ಣುಮಕ್ಕಳಿಗೆ ಇದಕ್ಕಿಂತ ಬೇರೆ ಪಥ್ಯವೇನು ಬೇಕು? ದುಃಖದ ಸಂಗತಿಯೆಂದರೆ ಅದು ವರ್ಷಕ್ಕೊಂದೇ ದಿನ.

ಸೊಲ್ಲಾಪುರದ ಗಡ್ಡದ ಜಾತ್ರೆಯ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಿದರೆ ವಾಚಕರು ಮನ್ನಿಸಬೇಕು, ಏಕೆಂದರೆ ಪರನಾಡಿನಲ್ಲಿರುವ ಕನ್ನಡಿಗರಿಗೆ ಅದಕ್ಕಿಂತ ಹತ್ತಿರದ ಜಾತ್ರೆ ಇನ್ನೊಂದಿಲ್ಲ. ಹನ್ನೆರಡನೆಯ ಶತಮಾನದ ವಚನಕಾರನೂ, ಕೆರೆ ಕಟ್ಟಿಸಿದ ಕರ್ಮಯೋಗಿಯೂ ಆದ ಸೊನ್ನಲಿಗೆಯ ಸಿದ್ಧರಾಮನ ಊರು ಇದೇ. ನಗರದ ನಡುವೆ ಕೆರೆಯ ನೀರಿನಲ್ಲಿ ಗುಡಿ ನಿಂತಿದೆ. ಸಂಕ್ರಾಂತಿಯ ಆಸುಪಾಸಿನ ದಿನಗಳಲ್ಲಿ ಊರಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಮಜ್ಜನ, ಅಕ್ಷತೆಯ ಸಮಾರಂಭ, ಹೋಮ, ಮದ್ದಿನಾಟ ಇವು ಕ್ರಮವಾಗಿ ನಡೆಯುತ್ತವೆ. ತನ್ನನ್ನೇ ವರಿಸುವೆನೆಂದು ಹಟ ಹಿಡಿದ ಕುಂಬಾರ ಕನ್ಯೆಗೆ ಸಿದ್ಧರಾಮನು ತನ್ನ ಯೋಗದಂಡವನ್ನು ವರಿಸಲು ಒಪ್ಪಿಗೆಯಿತ್ತನೆಂಬ ಐತಿಹ್ಯವೇ ಈ ಮದುವೆಯ ಅಕ್ಷತೆಗೆ ಮೂಲ. ಬಿಳಿಯ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜಗಳನ್ನು ಹೊತ್ತು ನಡೆಯುತ್ತಾರೆ. ಅಲಂಕರಿಸಿದ ಆ ಎತ್ತರದ ಕೋಲನ್ನು ಓಲಾಡದಂತೆ ಸೊಂಟದ ಬಲದಿಂದ ಹಿಡಿದು ಸಾಗುವುದು ಸಾಮಾನ್ಯ ವ್ಯಾಯಾಮವಲ್ಲ. ಆಮೇಲಿನ ಗಡ್ಡದ ಜಾತ್ರೆ, ಅಂದರೆ ಮೈದಾನದ ಅಂಗಡಿ, ತೊಟ್ಟಿಲು, ಆಟಪಾಟಗಳು, ಹಲವು ದಿನ ನಡೆಯುತ್ತವೆ. ಜಿಲ್ಲೆಯ ಕಬ್ಬಿನ ಟೋಳಿಗಳವರು ಎತ್ತು ಬಿಚ್ಚಿ, ಮಕ್ಕಳನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು ಬರುವುದು ಈ ಸಂಜೆಗಳಿಗೆ.

ಬನಶಂಕರಿಯ ಜಾತ್ರೆಯ ಸೊಗಸೇ ಬೇರೆ. ಅಲ್ಲಿ ತಿಂಗಳುಗಟ್ಟಲೆ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ನಿಲ್ಲುತ್ತವೆ, ಇರುಳಿಡೀ ನಾಟಕ. ಆ ನಟರೂ, ತೊಟ್ಟಿಲು ತಿರುಗಿಸುವವರೂ, ಬೆಂಡುಬತ್ತಾಸಿನ ಅಂಗಡಿಯವರೂ ಹಂಗಾಮಿನ ದುಡಿಮೆಗಾರರೇ ಎಂಬುದನ್ನು ನಾವು ಮರೆಯುತ್ತೇವೆ. ಒಬ್ಬನ ರಜೆ ಇನ್ನೊಬ್ಬನ ಸುಗ್ಗಿ. ರಾತ್ರಿ ಮೂರಕ್ಕೆ ಬಣ್ಣ ಕಳಚಿ ಮಲಗುವ ನಟಿಗೆ ಕಬ್ಬು ಕಡಿಯುವವಳಿಗಿಂತ ಹೆಚ್ಚಿನ ನಿದ್ರೆ ಇದೆಯೆಂದು ಭಾವಿಸಬೇಕಾಗಿಲ್ಲ.

ಜಾತ್ರೆಗೆ ಹೋಗಿಬಂದವನ ಮೈ ಒಂದು ರಾತ್ರಿ ದಣಿದಿದ್ದರೂ ಮನಸ್ಸು ಹಗುರಾಗಿರುತ್ತದೆ. ಟೋಳಿಯಲ್ಲಿ ದಿನವೂ ಅವೇ ಎಂಟು ಹತ್ತು ಮುಖಗಳು, ಅವೇ ಲೆಕ್ಕದ ಜಗಳಗಳು. ಜಾತ್ರೆಯಲ್ಲಿ ತವರಿನ ಕಡೆಯವರು ಸಿಗುತ್ತಾರೆ, ಊರಿನ ಸುದ್ದಿ ಸಿಗುತ್ತದೆ, ಬಳೆಗಾರನ ಮುಂದೆ ಕೈಚಾಚಿ ಕುಳಿತ ಹೆಂಗಸು ಅರ್ಧ ಗಂಟೆಯ ಮಟ್ಟಿಗಾದರೂ ಕೊಯ್ತಾದ ಅರ್ಧಭಾಗವಾಗಿರದೆ ಒಬ್ಬ ಹೆಣ್ಣುಮಗಳಾಗಿರುತ್ತಾಳೆ. ಶಾಲೆ ಬಿಟ್ಟು ತಂದೆತಾಯಿಯ ಹಿಂದೆ ಬಂದ ಮಗುವಿಗೆ ಆ ವರ್ಷದ ನೆನಪೆಂದು ಉಳಿಯುವುದು ಒಂದು ಪೀಪಿಯೋ ತೊಟ್ಟಿಲಿನ ಒಂದು ಸುತ್ತೋ.

ಆದರೆ ಜಾತ್ರೆಯಲ್ಲಿ ಅಪಾಯವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಂಢರಪುರದ ಯಾತ್ರೆ ಮುಗಿದೊಡನೆ ಹಿಂತಿರುಗುವ ಹಾದಿಯ ಊರುಗಳಲ್ಲಿ ಕಾಲರಾ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿತ್ತು. 1893ರಲ್ಲಿ ಭಾರತಕ್ಕೆ ಬಂದು ಕಾಲರಾ ಲಸಿಕೆಯನ್ನು ಪ್ರಯೋಗಿಸಿದ ಹಾಫ್ಕಿನ್ ಮಹಾಶಯನ ಹೆಸರಿನ ಸಂಸ್ಥೆ ನಮ್ಮ ಮುಂಬಯಿಯ ಪರಳಿನಲ್ಲಿಯೇ ಇದೆ. ಇಂದು ಕ್ಲೋರಿನ್ ಹಾಕಿದ ನೀರು, ತಾತ್ಕಾಲಿಕ ಶೌಚಾಲಯಗಳು ಬಂದಿವೆಯಾದರೂ, ಲಕ್ಷ ಜನ ಸೇರಿದಲ್ಲಿ ವಾಂತಿಭೇದಿಯ ಭಯ ಪೂರ್ತಿ ಹೋಗಿಲ್ಲ. ಅದರಲ್ಲಿಯೂ ನಗರದಿಂದ ಊರ ಜಾತ್ರೆಗೆಂದು ಹೋಗುವ ನಮ್ಮವರಿಗೆ ಇದು ಬೇಗ ತಟ್ಟುತ್ತದೆ.

ಇಲ್ಲಿ ವಾಚಕರು ನೆನಪಿಡಬೇಕಾದ ಸಂಗತಿಗಳು ಕೆಲವಿವೆ. ಎಣ್ಣೆಯಲ್ಲಿ ಕುದಿಯುತ್ತಿರುವ ಮಿರ್ಚಿಭಜಿ ಹೊಟ್ಟೆಗೆ ಭಾರವಾದರೂ ರೋಗಾಣುಗಳ ದೃಷ್ಟಿಯಿಂದ ನಿರಪಾಯ. ಕೊಯ್ದಿಟ್ಟ ಕಲ್ಲಂಗಡಿಯ ಹೋಳು ತಂಪಾಗಿ ಕಂಡರೂ ಅಪಾಯಕಾರಿ. ಕಬ್ಬಿನ ಹಾಲು ಒಳ್ಳೆಯದೇ, ಆದರೆ ಅದಕ್ಕೆ ಹಾಕುವ ಮಂಜುಗಡ್ಡೆ ಯಾವ ನೀರಿನದು, ಗಾಣವನ್ನು ಎಂದು ತೊಳೆದದ್ದು ಎಂಬುದನ್ನು ಯಾರು ಹೇಳಬಲ್ಲರು? ಮಂಜುಗಡ್ಡೆ ಬೇಡವೆಂದು ಹೇಳಿ, ಕಣ್ಣೆದುರಿಗೆ ಹಿಂಡಿಸಿ ಕುಡಿಯುವುದು ಲೇಸು. ನೀರನ್ನು ಮನೆಯಿಂದ ಕಾಯಿಸಿ ಆರಿಸಿ ಒಯ್ಯುವುದು ಹಳೆಯ ಕಾಲದ ಉಪದೇಶವಾದರೂ ಹಳಸಿದ್ದಲ್ಲ. ಊಟದ ಮುಂಚೆ ಸಾಬೂನಿನಿಂದ ಕೈ ತೊಳೆಯಬೇಕು. ಭಂಡಾರ ಹತ್ತಿದ ಕೈ ಶುದ್ಧವೆಂದು ಭಕ್ತಿಯಲ್ಲಿ ತಿಳಿಯಬಹುದು, ರೋಗಾಣುಗಳು ತಿಳಿಯವು. ಚಿಕ್ಕ ಮಕ್ಕಳ ಜೇಬಿನಲ್ಲಿ ತಂದೆಯ ಹೆಸರು, ಫೋನ್ ನಂಬರು ಬರೆದ ಚೀಟಿ ಇರಲಿ. ತೇರಿನ ಗಾಲಿಯ ಬಳಿ, ಹಗ್ಗದ ಎದುರಿಗೆ ಮಕ್ಕಳನ್ನು ಬಿಡಬಾರದು.

ಇಷ್ಟಾದರೂ ಭೇದಿ ಹತ್ತಿದರೆ? ಭೇದಿಯಿಂದ ಸಾಯುವವರು ಬಹುತೇಕ ಸಾಯುವುದು ರೋಗಾಣುವಿನಿಂದಲ್ಲ, ನೀರು ಮತ್ತು ಲವಣಗಳ ನಷ್ಟದಿಂದ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿಯ ಬನಗಾಂವಿನಲ್ಲಿ ಕಿಕ್ಕಿರಿದು ಕಾಲರಾ ಹಬ್ಬಿದಾಗ, ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿದುಹೋಯಿತು. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಸಕ್ಕರೆಯ ಅಂಶವಾದ ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾಗಳನ್ನು ನೀರಿನಲ್ಲಿ ಕಲಸಿ ಬಾಯಿಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕರುಳಿನ ಗೋಡೆಯಲ್ಲಿ ಸಕ್ಕರೆಯು ಒಳಸೇರುವಾಗ ಉಪ್ಪನ್ನೂ ಕೈಹಿಡಿದು ಕರೆದೊಯ್ಯುತ್ತದೆ, ಉಪ್ಪಿನ ಬೆನ್ನಿಗೆ ನೀರು ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲವೆಂಬುದೇ ಇದರ ರಹಸ್ಯ. 2022ರಲ್ಲಿ ತೀರಿಕೊಂಡ ಆ ವೈದ್ಯರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು. ಔಷಧದಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರು ಶುದ್ಧ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಬೇಕು. ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು, ಮೊಲೆಹಾಲು ನಿಲ್ಲಿಸಬಾರದು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಕಬ್ಬು ಕಡಿಯುವವನ ಮಗುವಿನ ಪ್ರಾಣವನ್ನು ಅವನೇ ಕಡಿದ ಕಬ್ಬಿನ ಆರು ಚಮಚ ಸಕ್ಕರೆ ಉಳಿಸಬಲ್ಲದು. ಆದರೆ ಅನೇಕ ಗುಡಿಸಲುಗಳಲ್ಲಿ ಅದನ್ನು ಹೇಳಿಕೊಟ್ಟವರಿಲ್ಲ.

ಹೆಂಗಸರ ಆರೋಗ್ಯದ ಮಾತನ್ನು ಬಿಟ್ಟರೆ ಈ ಲೇಖನ ಅಪೂರ್ಣವಾದೀತು. ಹೊಲದಲ್ಲಿ ಶೌಚಾಲಯವಿಲ್ಲ, ಸ್ನಾನಕ್ಕೆ ಮರೆಯಿಲ್ಲ, ತಿಂಗಳ ದಿನಗಳಲ್ಲಿಯೂ ರಜೆಯಿಲ್ಲ. ಮೂತ್ರಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ಇರುವವರಿದ್ದಾರೆ. ಇದರಿಂದ ಮೂತ್ರನಾಳದ ಸೋಂಕಿನ ಭಯ ಹೆಚ್ಚುತ್ತದೆ. ಬಿಳಿ ಸೆರಗು, ಕಿಬ್ಬೊಟ್ಟೆಯ ನೋವುಗಳಿಗೆ ಔಷಧ ಕೇಳಲು ಹೋದವರಿಗೆ ಗರ್ಭಕೋಶವನ್ನೇ ತೆಗೆಸಿಬಿಡಿ ಎಂಬ ಸಲಹೆ ಸಿಕ್ಕಿದುದು 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿಯ ಮುಂದೆ ಬಂದ ಲೆಕ್ಕದಂತೆ, ಬೀಡ್ ಜಿಲ್ಲೆಯ ಸುಮಾರು 82 ಸಾವಿರ ಕಬ್ಬು ಕಡಿಯುವ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಅವರಲ್ಲಿ ಚಿಕ್ಕ ವಯಸ್ಸಿನವರು ಅನೇಕರು. ಬಿಳಿ ಸೆರಗಿಗೆ ಹೆಚ್ಚಿನ ಸಂದರ್ಭಗಳಲ್ಲಿ ಕೆಲವು ದಿನಗಳ ಮಾತ್ರೆ ಸಾಕಾಗುತ್ತದೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಮುಪ್ಪು ಅಕಾಲದಲ್ಲಿ ಬಂದು ಎಲುಬುಗಳು ಟೊಳ್ಳಾಗುತ್ತವೆ. ಕೊಯ್ತಾ ಹಿಡಿಯುವವಳಿಗೆ ಎಲುಬು ಟೊಳ್ಳಾದರೆ ಉಳಿಯುವುದೇನು? ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆ ಬೇಕೆಂದರೆ ಸರಕಾರಿ ಆಸ್ಪತ್ರೆಯ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನು ಕೇಳುವ ಹಕ್ಕು ಆಕೆಗಿದೆಯೆಂಬುದನ್ನು ಬಲ್ಲವರು ತಿಳಿಸಬೇಕು. ಇದನ್ನು ತಿಳಿಸಲು ಜಾತ್ರೆಗಿಂತ ಒಳ್ಳೆಯ ಸ್ಥಳವಿಲ್ಲ. ಟೋಳಿಯ ಹೆಂಗಸರು ಆಸ್ಪತ್ರೆಗೆಂದು ದಿನ ಕಳೆದುಕೊಳ್ಳಲಾರರು, ಎಲ್ಲಮ್ಮನಿಗೆಂದರೆ ಹೇಗಾದರೂ ಬರುತ್ತಾರೆ. ಬಳೆಯಂಗಡಿಯ ಸಾಲಿನ ಪಕ್ಕದಲ್ಲಿ, ಮರೆಕಟ್ಟಿದ ಒಂದು ಡೇರೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಕುಳಿತು ರಕ್ತ ಪರೀಕ್ಷೆ ಮಾಡಿ ಕಬ್ಬಿಣದ ಮಾತ್ರೆ ಕೊಟ್ಟರೆ ಎಷ್ಟೋ ಕೆಲಸವಾದೀತು. ನಮ್ಮ ಸಂಘಗಳಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ. ಪುಣೆಯಿಂದ ಸೊಲ್ಲಾಪುರ ಸುಮಾರು 250 ಕಿಲೋಮೀಟರು. ಚಿಂಚಲಿಗಂತೂ ಮಿರಜ-ಬೆಳಗಾವಿ ಹಾದಿಯಲ್ಲಿ ರೈಲು ನಿಲ್ದಾಣವೇ ಇದೆ.

ರಜೆಯ ಸಮಸ್ಯೆಗೂ ದಾರಿಯಿಲ್ಲದಿಲ್ಲ. ಸಕ್ಕರೆಯ ಕಾರ್ಖಾನೆಗಳು ಯಂತ್ರಗಳ ಒಳಭಾಗದಲ್ಲಿ ಕಟ್ಟಿಕೊಂಡ ಕಿಟ್ಟವನ್ನು ತೆಗೆದು ಶುಚಿಗೊಳಿಸಲು ಹಂಗಾಮಿನ ನಡುವೆ ಕೆಲವೊಮ್ಮೆ ನುರಿಸುವುದನ್ನು ನಿಲ್ಲಿಸುತ್ತವೆ. ಕಬ್ಬಿಣಕ್ಕೆ ಸಿಗುವ ಈ ಬಿಡುವಿನ ದಿನವನ್ನು ಎಂಟು ದಿನ ಮುಂಚಿತವಾಗಿ ಸಾರಿ, ಆದಷ್ಟು ಮಟ್ಟಿಗೆ ಎಳ್ಳಮಾವಾಸ್ಯೆಗೋ ಸಮೀಪದ ಜಾತ್ರೆಗೋ ಹೊಂದಿಸಿದರೆ ಕಾರ್ಖಾನೆಗೆ ನಷ್ಟವೇನೂ ಇಲ್ಲ. ಅಂದು ಯಾರಿಗೂ ಖಾಡಾ ಇಲ್ಲ. ಎತ್ತುಗಳಿಗೂ ನೊಗದ ಗಾಯ ಮಾಯಲು ಒಂದು ದಿನ. ಟೋಳಿಯವರೂ ತಮ್ಮೊಳಗೆ ಪಾಳಿ ಕಟ್ಟಿಕೊಳ್ಳಬಹುದು: ಈ ಸಲ ನಾಲ್ಕು ಜೋಡಿ ಚಿಂಚಲಿಗೆ, ಮುಂದಿನ ಸಲ ಉಳಿದವರು ಬೇರೆ ಜಾತ್ರೆಗೆ; ಹೋದವರ ಸಾಲನ್ನು ಇದ್ದವರು ಕಡಿದುಕೊಡುವುದು. ಒಕ್ಕಲುತನದಲ್ಲಿ ಮುಯ್ಯಾಳು ಎಂದರೆ ಇದೇ ಅಲ್ಲವೇ? ಜಾತ್ರೆಗೆ ಹೋಗುವವರು ಹಿಂದಿನ ರಾತ್ರಿ ಗಾಡಿ ತುಂಬಿ, ನಿದ್ರೆಗೆಟ್ಟು ಹೊರಡಬಾರದು. ಸಂತೆಯ ಖರ್ಚಿಗೆಂದು ಮುಕಾದಮ ಕೊಟ್ಟ ಹಣದಲ್ಲಿ ಗಂಡನ ಪಾಲು ಸೆರೆಯಂಗಡಿಗೆ ಹೋಗುವ ಮೊದಲೇ ಹೆಂಡತಿಯು ಬಳೆ, ಬತ್ತಾಸು, ಔಷಧಗಳ ಹಣವನ್ನು ಗಂಟು ಹಾಕಿಟ್ಟುಕೊಳ್ಳುವುದು ಜಾಣತನ. ಬಹುಮಂದಿ ಹಾಗೆಯೇ ಮಾಡುತ್ತಾರೆಂದು ಕೇಳಿದ್ದೇನೆ.

ಚೈತ್ರದ ಬಿಸಿಲೇರುವ ಹೊತ್ತಿಗೆ ಹಂಗಾಮು ಮುಗಿಯುತ್ತದೆ. ಕೊನೆಯ ಗಾಡಿಗೆ ಬಣ್ಣದ ಕಾಗದ ಕಟ್ಟಿ, ಗುಲಾಲು ಎರಚಿ, ಹಲಗೆ ಬಡಿಯುತ್ತ ಕಾರ್ಖಾನೆಯ ಬಾಗಿಲಿಗೆ ಒಯ್ಯುವವರುಂಟು. ಆಮೇಲೆ ಲೆಕ್ಕ, ತಗಾದೆ, ಟ್ರಕ್ಕಿನ ಮೇಲೆ ಪಾತ್ರೆ ಪಗಡೆಗಳೊಡನೆ ಊರಿನ ದಾರಿ. ಆ ಪ್ರಯಾಣ ಹಗಲು ಬಿಸಿಲಿನಲ್ಲಿ ಆಗದಂತೆ ನೋಡಿಕೊಂಡು, ಮಕ್ಕಳಿಗೆ ತಲೆಗೆ ಬಟ್ಟೆ ಕಟ್ಟಿ, ಒಂದು ಕೊಡ ಉಪ್ಪುಮಜ್ಜಿಗೆ ಜೊತೆಗಿಟ್ಟುಕೊಳ್ಳಬೇಕು. ಊರು ಸೇರಿದರೆ ಒಂದೂವರೆ ಎರಡು ತಿಂಗಳಿಗೆ ಕಾರಹುಣ್ಣಿಮೆ. ಅಂದು ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತಾರೆ. ಆ ಹಬ್ಬ ಮುಗಿಯುವುದರೊಳಗೆ ಮುಕಾದಮನು ಮುಂದಿನ ಹಂಗಾಮಿನ ಉಚಲ್ ಹಿಡಿದುಕೊಂಡು ಕಟ್ಟೆಯ ಮೇಲೆ ಬಂದು ಕುಳಿತಿರುತ್ತಾನೆ.